ತೆಂಗಿನಕಾಯಿ ಎದ್ದು ನಿಂತರೆ ಬೋರ್‌ವೆಲ್‌ನಲ್ಲಿ ನೀರು ಬರುತ್ತದೆಯೇ?

ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲಿ ಬೋರ್ ಕೊರೆಸಿದರೆ ನೀರು ಖಚಿತ ಎನ್ನುವ ವಿಡಿಯೋಗಳು ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. "ನಮ್ಮ ಮನೆಯಲ್ಲಿ ಸಿಕ್ಕಿದೆಯಲ್ಲ" ಎನ್ನುವವರೂ ಇದ್ದಾರೆ. ಸಿಕ್ಕಿರಬಹುದು. ಭಟ್ಕಳ, ಹೊನ್ನಾವರ, ಕುಮಟಾದಂಥ ಮಳೆಯ ನಾಡಿನಲ್ಲಿ ನೆಲದಡಿ ಅಷ್ಟಿಷ್ಟು ನೀರು ಬಹುತೇಕ ಎಲ್ಲೆಡೆ ಇರುತ್ತದೆ. ಆ ನೀರು ಹರಿದು ಬೋರ್‌ಗೆ ಬರುತ್ತದೆಯೇ ಎಂಬುದೇ ದುಡ್ಡಿನ ಪ್ರಶ್ನೆ.

ಇಲ್ಲಿ ಬಾವಿ ತೋಡಿದವರಿಗೆ ಶೇಡಿ ಮಣ್ಣು ಗೊತ್ತು. ಸಾಮಾನ್ಯವಾಗಿ ಮೇಲೆ ಚಿರೇಕಲ್ಲು, ಅದರಡಿ ನುಣುಪಾದ ಶೇಡಿ, ಇನ್ನೂ ಕೆಳಗೆ ಗಟ್ಟಿ ಬಂಡೆ. ಚಿರೇಕಲ್ಲಿನ ತೂತುಗಳು ಒಂದಕ್ಕೊಂದು ಕೂಡಿಕೊಂಡಿವೆ. ಮಳೆನೀರು ಬೇಗ ಇಳಿಯುತ್ತದೆ, ಬೇಗ ಹೊರಗೂ ಹೋಗುತ್ತದೆ. ಜುಲೈನಲ್ಲಿ ತುಂಬಿದ ಗುಡ್ಡದ ಬಾವಿ ಏಪ್ರಿಲ್‌ನಲ್ಲಿ ತಳ ಕಾಣುವುದು ಇದಕ್ಕೇ. ಶೇಡಿ ಇದಕ್ಕೆ ಉಲ್ಟಾ. ಜೇಡಿಮಣ್ಣಿನಲ್ಲಿ ಶೇಕಡಾ 40ರಿಂದ 60ರಷ್ಟು ಜಾಗ ಬರೀ ಸಂದುಗಳೇ, ಮರಳಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಆದರೆ ಸಂದುಗಳು ತೀರಾ ಸಣ್ಣವು, ನೀರು ಕಣಗಳಿಗೆ ಅಂಟಿಕೊಂಡು ಕದಲುವುದೇ ಇಲ್ಲ. ನೀರನ್ನು ಹರಿಯಬಿಡುವ ಗುಣಕ್ಕೆ ಪಾರಗಮ್ಯತೆ ಎನ್ನುತ್ತಾರೆ. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರು ಹರಿಸಿ, 1856ರಲ್ಲಿ ಇದರ ಲೆಕ್ಕ ಪ್ರಕಟಿಸಿದರು. ಕಣದ ಗಾತ್ರ ಹತ್ತರಲ್ಲಿ ಒಂದಾದರೆ ಹರಿವು ಸುಮಾರು ನೂರರಲ್ಲಿ ಒಂದಕ್ಕೆ ಇಳಿಯುತ್ತದೆ.

ಕೊರೆದ ಬೋರ್‌ಗೆ ಕೇಸಿಂಗ್ ಪೈಪ್ ಹಾಕುವ ಮೊದಲು, ತಂತಿಗೆ ಕಟ್ಟಿದ ಉಪಕರಣ ಇಳಿಸಿ ಆಳಕ್ಕೆ ತಕ್ಕಂತೆ ಅಳೆಯುವ ಲಾಗಿಂಗ್ ಎಂಬ ಪದ್ಧತಿ ಇದೆ. ತೈಲ ಬಾವಿಯಲ್ಲಿ 1927ರಲ್ಲಿ ಶುರುವಾದದ್ದು. ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ, ಗಾಮಾ ಕಿರಣ ಎಷ್ಟಿದೆ ಎಂದು ಅದು ದಾಖಲಿಸುತ್ತದೆ. ಪಾರಗಮ್ಯತೆಯನ್ನು ಇವು ನೇರವಾಗಿ ತೋರಿಸುವುದಿಲ್ಲ. ಸಂದುಗಳೆಷ್ಟು, ಜೇಡಿ ಎಷ್ಟು ಎಂದು ತಿಳಿದು ಅಂದಾಜು ಮಾಡಬೇಕು. ಕರಾವಳಿಯಲ್ಲಿ ಇನ್ನೊಂದು ಪೇಚಿದೆ. ವಿದ್ಯುತ್ ಸಲೀಸಾಗಿ ಹರಿದ ಕಡೆ ಜೇಡಿ ಇರಬಹುದು, ಉಪ್ಪುನೀರೂ ಇರಬಹುದು. ಶರಾವತಿ, ಅಘನಾಶಿನಿ ಅಳಿವೆಗಳ ಬದಿಯಲ್ಲಿ ಇದು ಸಣ್ಣ ಮಾತಲ್ಲ. ಎರಡನ್ನೂ ಬೇರ್ಪಡಿಸಲು ಗಾಮಾ ದಾಖಲೆ ನೆರವಾಗುತ್ತದೆ. ಬಂಡೆಯಲ್ಲಂತೂ ನೀರು ಬರುವುದು ಬಿರುಕಿನಿಂದ ಮಾತ್ರ. ಬಿರುಕು ತಪ್ಪಿಸಿ ನಾಲ್ಕು ಮಾರು ಆಚೆ ಕೊರೆದವರಿಗೆ ಧೂಳೇ ಗತಿ.

ಯಂತ್ರವೇ ಅಂದಾಜು ಹೇಳುವಾಗ ತೆಂಗಿನಕಾಯಿ ಏನು ಹೇಳೀತು? ಅದು ಏಳುವುದು ಹಿಡಿದವರ ಕೈಯ, ಅವರಿಗೇ ಅರಿವಾಗದ ಅಲುಗಾಟದಿಂದ.

ಕೊರೆಸುವವರು ಯಾವ ಅಡಿಯಲ್ಲಿ ಶೇಡಿ, ಎಲ್ಲಿ ಬಿರುಕು, ಎಲ್ಲಿ ನೀರು ಎಂದು ಬರೆಸಿಟ್ಟುಕೊಳ್ಳಿ. ಪಂಪ್ ಕೊಳ್ಳುವ ಮೊದಲು ಕೆಲವು ಗಂಟೆ ನೀರೆತ್ತಿಸಿ, ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಬೇಗ ಏರಿತು ಎಂದು ನೋಡಿ. ಈ ಪರೀಕ್ಷೆ ಆಗಸ್ಟ್‌ನಲ್ಲಿ ಬೇಡ, ಏಪ್ರಿಲ್ ಕೊನೆಯಲ್ಲಿ ಮಾಡಿಸಿ.