ಡಿಎನ್‌ಎ, ಆರ್‌ಎನ್‌ಎ: ಜೀವಕೋಶದ ಜೋಡಿ
ಡಿಎನ್‌ಎ, ಆರ್‌ಎನ್‌ಎ ಎರಡೂ ನ್ಯೂಕ್ಲಿಯಿಕ್ ಆಮ್ಲಗಳು. ಡಿಎನ್‌ಎಗೆ ಸಾಮಾನ್ಯವಾಗಿ ಎರಡು ಎಳೆ, ಆರ್‌ಎನ್‌ಎಗೆ ಬಹುತೇಕ ಒಂದೇ ಎಳೆ. ಮೊದಲನೆಯದರ ಸಕ್ಕರೆ ಡಿಆಕ್ಸಿರೈಬೋಸ್, ಎರಡನೆಯದರದು ರೈಬೋಸ್. ಡಿಎನ್‌ಎಯಲ್ಲಿ ಥೈಮಿನ್ ಇರುವ ಕಡೆ ಆರ್‌ಎನ್‌ಎಯಲ್ಲಿ ಯುರಾಸಿಲ್ ಇರುತ್ತದೆ.

ಮನುಷ್ಯನ ಡಿಎನ್‌ಎ ಬಹುಪಾಲು ಕೋಶಕೇಂದ್ರದಲ್ಲೇ ಉಳಿಯುತ್ತದೆ. ಅದರ ಒಂದು ಭಾಗದ ನಕಲಾದ ಸಂದೇಶವಾಹಕ ಆರ್‌ಎನ್‌ಎ ಹೊರಬಂದು ರೈಬೋಸೋಮ್ ಸೇರುತ್ತದೆ. ಅಲ್ಲಿ ಮೂರು ಮೂರು ಅಕ್ಷರಗಳ ಸಂಕೇತದಂತೆ ಅಮೈನೋ ಆಮ್ಲಗಳು ಸಾಲಾಗಿ ಸೇರಿ ಪ್ರೋಟೀನ್ ಸಿದ್ಧವಾಗುತ್ತದೆ. ಅಮೈನೋ ಆಮ್ಲಗಳನ್ನು ತಂದುಕೊಡುವುದೂ ಮತ್ತೊಂದು ಬಗೆಯ ಆರ್‌ಎನ್‌ಎ.

ಕೊರೊನಾ ವೈರಸ್‌ನ ಆನುವಂಶಿಕ ವಸ್ತು ಆರ್‌ಎನ್‌ಎ. ಬೆಳಗಾವಿ ಜಿಲ್ಲೆಯಲ್ಲಿ 2020ರಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಆರ್‌ಟಿ-ಪಿಸಿಆರ್ ಪರೀಕ್ಷೆ ನಡೆಸಿತು. ಈ ಪರೀಕ್ಷೆಯಲ್ಲಿ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಯಾಗಿ ಮಾರ್ಪಡಿಸಿ, ಪದೇ ಪದೇ ನಕಲಿಸಿ, ವೈರಸ್ ಪತ್ತೆ ಮಾಡಲಾಗುತ್ತದೆ.