ರಿಸರ್ವ್ ತಂಡ ಸೇರಿದರೆ ಫುಟ್‌ಬಾಲ್ ಆಟಗಾರನ ಕಥೆ ಮುಗೀತಾ? ನಿಜ ಏನು?

ರಿಸರ್ವ್ ತಂಡ ಎಂದರೆ ಬೆಂಚ್ ಕಾಯುವವರು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ತಪ್ಪು. ಮುಖ್ಯ ತಂಡದಲ್ಲಿ ಅವಕಾಶ ಸಿಗದ ಯುವಕರಿಗೆ ಪೂರ್ತಿ ಪಂದ್ಯ ಆಡಿಸಿ ಬೆಳೆಸುವುದೇ ಇದರ ಕೆಲಸ.

2022ರಲ್ಲಿ ಗೋವಾದಲ್ಲಿ ನಡೆದ ಮೊದಲ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿದ್ದು ಬೆಂಗಳೂರು ಎಫ್‌ಸಿಯ ಇಂಥದ್ದೇ ಯುವ ತಂಡ. 2023ರಲ್ಲೂ ಪ್ರಶಸ್ತಿ ಅವರಿಗೇ. ಈ ಕ್ಲಬ್‌ನ ರಿಸರ್ವ್ ತಂಡದಲ್ಲಿ ಬೆಳೆದ ಶಿವಶಕ್ತಿ ನಾರಾಯಣನ್, 2022ರ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಖ್ಯ ತಂಡಕ್ಕೆ ಮೊದಲ ಗೋಲು ಹೊಡೆದರು. ಮುಂಬೈ ಸಿಟಿ ವಿರುದ್ಧ ಬೆಂಗಳೂರು 2–1ರಿಂದ ಗೆದ್ದಿತು.

ಹಾಗಾಗಿ ಬೆಂಗಳೂರಿನ ಹುಡುಗನಿರಲಿ, ನಿಡೋಣಿಯ ಹುಡುಗನಿರಲಿ, ರಿಸರ್ವ್ ತಂಡ ಮೇಲೇರುವ ಮೆಟ್ಟಿಲು. ಆದರೆ ‘ದುಡ್ಡು ಕಟ್ಟಿದರೆ ಸೀಟು ಗ್ಯಾರಂಟಿ’ ಎಂಬ ಮೆಸೇಜ್ ಬಂದರೆ ಹಣ ಕಳಿಸಬೇಡಿ, ಫಾರ್ವರ್ಡ್ ಮಾಡಬೇಡಿ. ಮೊದಲು ಕ್ಲಬ್‌ನ ಅಧಿಕೃತ ಪುಟ ನೋಡಿ.