ಪ್ರೊಸೆಸರಿನ ವೇಗವೂ ಅದರ ಬೆಲೆಯೂ

1998ನೆಯ ಇಸವಿಯಲ್ಲಿ ಇಂಟೆಲ್ ಕಂಪನಿಯು ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರೊಂದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಗೊತ್ತುಮಾಡಿದ ವೇಗ 300 ಮೆಗಾಹರ್ಟ್ಸ್. ಎಂದರೆ ಸೆಕೆಂಡಿಗೆ ಮೂವತ್ತು ಕೋಟಿ ಮಿಡಿತ. ಮದರ್‌ಬೋರ್ಡಿನಿಂದ ಬರುವ ಸುಮಾರು 66 ಮೆಗಾಹರ್ಟ್ಸಿನ ಮೂಲಮಿಡಿತವನ್ನು ಅದು ತನ್ನೊಳಗೆ ನಾಲ್ಕೂವರೆ ಪಟ್ಟು ಮಾಡಿಕೊಳ್ಳುತ್ತಿದ್ದಿತು. ಚತುರರು ಆ ಮೂಲಮಿಡಿತವನ್ನೇ 100ಕ್ಕೆ ಏರಿಸಿ ನೋಡಿದರು. ಬಂದುದು 450 ಮೆಗಾಹರ್ಟ್ಸ್! ಅನೇಕ ಪ್ರೊಸೆಸರುಗಳು ತಕರಾರಿಲ್ಲದೆ ಆ ವೇಗದಲ್ಲಿ ಓಡಿದವು. ಹೀಗೆ ತಯಾರಕರು ವಿಧಿಸಿದ ಮಿತಿಯನ್ನು ಮೀರಿ ಪ್ರೊಸೆಸರನ್ನು ದುಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ಇದರಲ್ಲಿ ಮಾಟವೇನೂ ಇಲ್ಲ. ಅದೇ 0.25 ಮೈಕ್ರಾನ್ ತಂತ್ರದಿಂದ ಕಂಪನಿಯು 450 ಮೆಗಾಹರ್ಟ್ಸಿನ ದುಬಾರಿ ಪೆಂಟಿಯಂ-2ನ್ನೂ ತಯಾರಿಸುತ್ತಿದ್ದಿತು. ಅಗ್ಗದ ಮಾಲಿನಲ್ಲಿಯೂ ಆ ಕಸುವು ಅಡಗಿದ್ದಿತು. ಅದೂ ಅಲ್ಲದೆ, ಒಂದೇ ಬಗೆಯ ಸಾವಿರಾರು ಪ್ರೊಸೆಸರುಗಳಲ್ಲಿ ಅತ್ಯಂತ ದುರ್ಬಲವಾದುದೂ ಸೆಕೆಯ ದಿನದಲ್ಲಿ ತಪ್ಪದೆ ಕೆಲಸ ಮಾಡಬೇಕೆಂದು ತಯಾರಕರು ವೇಗವನ್ನು ತುಸು ತಗ್ಗಿಸಿಯೇ ನಿಗದಿಪಡಿಸುವುದುಂಟು. ಓವರ್‌ಕ್ಲಾಕಿಂಗ್ ಮಾಡುವವನು ಕೈಹಾಕುವುದು ಈ ಮೀಸಲಿಗೆ.

ಮೀಸಲು ಮುಗಿದ ಮೇಲೆ ಏನಾಗುವುದು? ಪ್ರೊಸೆಸರಿನ ಪ್ರತಿಯೊಂದು ಟ್ರಾನ್ಸಿಸ್ಟರೂ ಮುಂದಿನದಕ್ಕೆ ಸ್ವಲ್ಪ ವಿದ್ಯುತ್ತನ್ನು ತುಂಬಬೇಕು, ಇಲ್ಲವೆ ಬರಿದುಮಾಡಬೇಕು. ನಲ್ಲಿಯ ಕೆಳಗೆ ಕೊಡವಿಟ್ಟಂತೆ ಎಂದು ತಿಳಿಯಿರಿ. ಕೊಡ ತುಂಬುವ ಮೊದಲೇ ಮುಂದಿನ ಮಿಡಿತ ಬಂದರೆ ಲೆಕ್ಕ ತಪ್ಪುತ್ತದೆ. ನೀರಿನ ತೊಟ್ಟಿಯನ್ನು ಎತ್ತರಕ್ಕೇರಿಸಿದರೆ ಕೊಡ ಬೇಗ ತುಂಬುವುದಷ್ಟೆ? ಆ ಎತ್ತರವೇ ಇಲ್ಲಿ ವೋಲ್ಟೇಜು. ಆದುದರಿಂದ ವೇಗ ಬೇಕೆಂದವನು ಕಡೆಗೆ ವೋಲ್ಟೇಜನ್ನು ಏರಿಸಲೇಬೇಕಾಗುತ್ತದೆ.

ನಿಜವಾದ ಬೆಲೆ ತೆರಬೇಕಾಗುವುದು ಇಲ್ಲಿಯೇ. ಕೆಲಸದಿಂದ ಹುಟ್ಟುವ ಶಾಖವು ವೇಗ ಹೆಚ್ಚಿದಷ್ಟೇ ಹೆಚ್ಚುತ್ತದೆ. ಆದರೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 100 ವ್ಯಾಟು ಶಾಖ ಬಿಡುವ ಪ್ರೊಸೆಸರಿನ ವೇಗವನ್ನು ಮಾತ್ರ ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಶಾಖ 110 ವ್ಯಾಟಾಗುವುದು. ವೋಲ್ಟೇಜನ್ನೂ ಅಷ್ಟೇ ಏರಿಸಿದರೆ 133 ವ್ಯಾಟು! ವೇಗದಲ್ಲಿ ಲಾಭ ಹತ್ತು, ಶಾಖದಲ್ಲಿ ನಷ್ಟ ಮೂವತ್ತಮೂರು. ಸಾಲದುದಕ್ಕೆ, ಬಿಸಿಯೇರಿದ ಟ್ರಾನ್ಸಿಸ್ಟರು ಸುಮ್ಮನಿರುವಾಗಲೂ ಹೆಚ್ಚು ವಿದ್ಯುತ್ತನ್ನು ಸೋರಿಸುತ್ತದೆ. ಆ ಸೋರಿಕೆಯೂ ಮತ್ತೆ ಶಾಖವಾಗುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ.

ಫ್ಯಾನು ಈ ಶಾಖವನ್ನು ಸುತ್ತಲಿನ ಗಾಳಿಗೆ ಒಯ್ದು ಸುರಿಯಬಲ್ಲುದೇ ಹೊರತು ಗಾಳಿಗಿಂತ ತಂಪುಮಾಡಲಾರದು. 24 ಡಿಗ್ರಿಯ ಕೋಣೆಯಲ್ಲಿ 74 ಡಿಗ್ರಿಗೆ ನಿಲ್ಲುವ ಪ್ರೊಸೆಸರು ಕಲಬುರಗಿಯ ಬೇಸಗೆಯಲ್ಲಿ, 40 ಡಿಗ್ರಿಯ ಕೋಣೆಯಲ್ಲಿ, 90ನ್ನು ಮುಟ್ಟುವುದು. 100 ಡಿಗ್ರಿಯ ಆಸುಪಾಸಿನಲ್ಲಿ ಇಂದಿನ ಅನೇಕ ಪ್ರೊಸೆಸರುಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗವನ್ನು ಇಳಿಸಿಕೊಳ್ಳುತ್ತವೆ. ಇಷ್ಟು ಕಷ್ಟಪಟ್ಟು ಗಳಿಸಿದುದು ಆಗ ಎಲ್ಲಿ ಹೋಯಿತು?

ಉಷ್ಣತೆಯೊಂದನ್ನೇ ನೋಡಿಕೊಂಡರೆ ಸಾಕೆಂದು ಹೇಳುವವರೂ ಉಂಟು. ನನಗೆ ಅದು ಒಪ್ಪಿಗೆಯಿಲ್ಲ. ತಂಪಾಗಿದ್ದರೂ ಅತಿಯಾದ ವೋಲ್ಟೇಜು ಟ್ರಾನ್ಸಿಸ್ಟರುಗಳನ್ನು ಮೆಲ್ಲಗೆ ಸವೆಸುತ್ತದೆ. ಬಿಸಿ ಸೇರಿದರೆ ಸವೆತ ಇನ್ನೂ ಬೇಗ. ಇಂಟೆಲ್ಲಿನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಕೆಲವು ಓವರ್‌ಕ್ಲಾಕ್ ಮಾಡದಿದ್ದರೂ ಅಸ್ಥಿರವಾದವು. ಅವು ಮಿತಿಮೀರಿದ ವೋಲ್ಟೇಜನ್ನು ಕೇಳುತ್ತಿದ್ದುವೆಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, 1.55 ವೋಲ್ಟಿನ ಮೇಲೆ ಹೋಗದಂತೆ ಮೈಕ್ರೋಕೋಡನ್ನು ತಿದ್ದಿತು. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅದಾಗಲೇ ಸವೆದುಹೋಗಿದ್ದುವಕ್ಕೆ ಈ ತಿದ್ದುಪಡಿಯಿಂದ ಪ್ರಯೋಜನವಾಗಲಿಲ್ಲ.

ಗಣಕಯಂತ್ರವು ನಿಂತೇ ಹೋದರೆ ಭಯವಿಲ್ಲ. ಮತ್ತೆ ಚಾಲೂ ಮಾಡಬಹುದು. ನಿಲ್ಲದೆ, ಸದ್ದಿಲ್ಲದೆ ತಪ್ಪು ಲೆಕ್ಕ ಮಾಡಿ ಅದನ್ನೇ ಕಡತದಲ್ಲಿ ಬರೆದಿಟ್ಟರೆ? ವಿದ್ಯಾರ್ಥಿಯೊಬ್ಬನ ವರ್ಷದ ಶ್ರಮವೆಲ್ಲ ಅದರಲ್ಲಿರಬಹುದು. ಆದಕಾರಣ ಪರೀಕ್ಷೆ ಅತ್ಯಗತ್ಯ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬವರು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧನೆಗೆಂದು ಸಾಮೂಹಿಕ ಯತ್ನವೊಂದನ್ನು ಆರಂಭಿಸಿದರು. ಅದರ ಪ್ರೈಮ್95 ಎಂಬ ತಂತ್ರಾಂಶವು ಕಠಿನ ಗುಣಾಕಾರಗಳನ್ನು ಮಾಡಿಸಿ, ಮೊದಲೇ ಗೊತ್ತಿರುವ ಉತ್ತರದೊಡನೆ ತಾಳೆ ನೋಡುತ್ತದೆ. ಇದನ್ನು ಗಂಟೆಗಟ್ಟಲೆ ಓಡಿಸಬೇಕು. ಅದೂ ಮಧ್ಯಾಹ್ನದ ಸೆಕೆಯಲ್ಲಿ.

ಮೊದಲು ವೋಲ್ಟೇಜನ್ನು ಮುಟ್ಟದೆ ವೇಗವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಬೇಕು. ತಪ್ಪು ಕಂಡಾಗ ವೋಲ್ಟಿನ ನೂರರಲ್ಲಿ ಒಂದೆರಡು ಪಾಲು ಸೇರಿಸಿ ನೋಡಬಹುದು. ಇನ್ನೊಂದು ಮೆಟ್ಟಿಲಿಗೆ ಹಿಂದಿನದಕ್ಕಿಂತ ಬಹಳ ಹೆಚ್ಚು ವೋಲ್ಟೇಜು ಬೇಕಾಯಿತೆಂದರೆ ಅಲ್ಲಿಂದ ಹಿಂದಿರುಗುವುದು ಲೇಸು. ಈಚೆಗೆ ಕೆಲವರು ಇದನ್ನೇ ತಿರುಗುಮುರುಗಾಗಿ ಮಾಡುತ್ತಾರೆ. ವೇಗವನ್ನು ಇದ್ದಂತೆ ಬಿಟ್ಟು ವೋಲ್ಟೇಜನ್ನು ಇಳಿಸುತ್ತಾರೆ. ಪ್ರೊಸೆಸರು ತಡೆದುಕೊಂಡು ವೋಲ್ಟೇಜು ಹತ್ತರಲ್ಲೊಂದು ಪಾಲು ಇಳಿದರೆ ಮೇಲಿನ 100 ವ್ಯಾಟು 81ಕ್ಕೆ ತಗ್ಗುವುದು, ಫ್ಯಾನಿನ ಗದ್ದಲವೂ ಅಡಗುವುದು.